ಕಡಲ ದಡದವರಿಗೂ ಅಯೋಡಿನ್ ಉಪ್ಪು ಏಕೆ?

ಉಪ್ಪು ಮತ್ತು ಆರೋಗ್ಯ ಕುರಿತ ನಮ್ಮ ಮಾತುಕತೆ ಪ್ರಸಾರವಾದ ಎರಡು ವಾರಗಳ ನಂತರ ಕುಂದಾಪುರದ ಕಡೆಯಿಂದ ಒಂದು ಪತ್ರ ಬಂತು. ಬರೆದವಳು ಪಿಯುಸಿ ಓದುತ್ತಿರುವ ವಿದ್ಯಾರ್ಥಿನಿ. ಅವಳ ಪ್ರಶ್ನೆ ನೇರವಾಗಿತ್ತು: "ನಮ್ಮ ಮನೆಯಿಂದ ಸಮುದ್ರ ಕಾಣುತ್ತದೆ. ನಮ್ಮ ಅಜ್ಜಿ ಆಗರದ ಹರಳುಪ್ಪನ್ನೇ ಬಳಸುತ್ತಾರೆ. ಅಯೋಡಿನ್ ಇರುವುದು ಸಮುದ್ರದಲ್ಲಿ ಎಂದು ನಿಮ್ಮ ಕಾರ್ಯಕ್ರಮದಲ್ಲೇ ಡಾಕ್ಟರು ಹೇಳಿದರು. ಹಾಗಿದ್ದರೆ ಸಮುದ್ರದ ಉಪ್ಪನ್ನು ಬಿಟ್ಟು ಪೊಟ್ಟಣದ ಉಪ್ಪನ್ನು ನಾವೇಕೆ ಕೊಳ್ಳಬೇಕು?"

ಪತ್ರ ಓದಿ ನನಗೆ ಸ್ವಲ್ಪ ನಾಚಿಕೆಯಾಯಿತು. ಡಾಕ್ಟರು ಈ ಪ್ರಶ್ನೆಗೆ ಉತ್ತರ ಹೇಳಿದ್ದರು. ಆದರೆ ಕಾರ್ಯಕ್ರಮದ ಅವಧಿ ಮೀರಿದ್ದರಿಂದ ಸಂಕಲನದ ಮೇಜಿನಲ್ಲಿ ಆ ಎರಡು ನಿಮಿಷಗಳನ್ನು ಕತ್ತರಿಸಿದವನು ನಾನೇ. ಪ್ರಶ್ನೆ ಹುಟ್ಟಿಸುವ ಮಾತನ್ನು ಉಳಿಸಿ, ಉತ್ತರವನ್ನು ತೆಗೆದುಹಾಕಿದ್ದೆ. ವಿಜ್ಞಾನ ಪದವೀಧರನಾದ ನಾನೂ ಬಹುಕಾಲ ಈ ಹುಡುಗಿಯ ಹಾಗೆಯೇ ತಿಳಿದುಕೊಂಡಿದ್ದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಆದ್ದರಿಂದ ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ಮೊದಲು ಲೆಕ್ಕ ಮಾಡೋಣ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದೇ ಒಂದು ಲೀಟರಿನಲ್ಲಿ ಅಯೋಡಿನ್ ಇರುವುದು ಸುಮಾರು 50ರಿಂದ 60 ಮೈಕ್ರೋಗ್ರಾಂ ಮಾತ್ರ. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. ನೀರೆಲ್ಲ ಆವಿಯಾಗಿ ಅಯೋಡಿನ್ ಪೂರ್ತಿಯಾಗಿ ಉಪ್ಪಿನಲ್ಲೇ ಉಳಿಯಿತು ಎಂದುಕೊಂಡರೂ ಒಂದು ಗ್ರಾಂ ಉಪ್ಪಿಗೆ ಒಂದೂವರೆ ಮೈಕ್ರೋಗ್ರಾಮಿನಷ್ಟು ಬರುತ್ತದೆ. ದಿನಕ್ಕೆ 10 ಗ್ರಾಂ ಉಪ್ಪು ತಿಂದರೆ 15 ಮೈಕ್ರೋಗ್ರಾಂ. ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾದದ್ದು 150. ಹತ್ತರಲ್ಲಿ ಒಂದು ಪಾಲು ಸಿಕ್ಕಿತು, ಅಷ್ಟೆ. ವಾಸ್ತವದಲ್ಲಿ ಅದೂ ಸಿಗುವುದಿಲ್ಲ. ಆಗರದಲ್ಲಿ ಉಪ್ಪು ಹರಳುಗಟ್ಟುವಾಗ ಅಯೋಡಿನ್ನಿನ ಬಹುಪಾಲು ಹರಳಿನೊಳಗೆ ಸೇರದೆ, ಕೊನೆಗೆ ಉಳಿಯುವ ಕಹಿ ನೀರಿನಲ್ಲೇ ನಿಲ್ಲುತ್ತದೆ. ಆ ನೀರನ್ನು ಹೊರಗೆ ಬಿಟ್ಟುಬಿಡುತ್ತಾರೆ.

ಸಮುದ್ರದಲ್ಲಿ ಅಯೋಡಿನ್ ಇದೆ ಎಂಬುದು ನಿಜ. ಸಮುದ್ರದ ಉಪ್ಪಿನಲ್ಲಿ ಇಲ್ಲ ಎಂಬುದೂ ಅಷ್ಟೇ ನಿಜ. ಸಮುದ್ರದ ಮೀನು, ಸಿಗಡಿ ಮತ್ತು ಪಾಚಿಗಳು ನೀರಿನ ಅಯೋಡಿನ್ನನ್ನು ಹೀರಿ ಶೇಖರಿಸಿಕೊಳ್ಳುತ್ತವೆ. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕುರ್ಟ್ವಾ ಈ ಧಾತುವನ್ನು ಮೊದಲು ಕಂಡದ್ದೂ ಕಡಲ ಪಾಚಿಯ ಬೂದಿಯಲ್ಲೇ. ದಿನವೂ ಮೀನು ತಿನ್ನುವವರಿಗೆ ಒಂದಿಷ್ಟು ಅಯೋಡಿನ್ ಸಿಗುತ್ತದೆ. ಕಡಲ ದಡದಲ್ಲೇ ಇದ್ದು ಅನ್ನ, ಸಾರು, ತರಕಾರಿ ಉಣ್ಣುವವರಿಗೆ ಕಡಲಿನಿಂದ ದೊರೆಯುವುದು ಗಾಳಿ ಮಾತ್ರ.

ಹಾಗಾದರೆ ನೆಲದಲ್ಲಿ ಬೆಳೆದ ಆಹಾರದಲ್ಲಿ ಏಕಿಲ್ಲ? ಅಯೋಡಿನ್ನಿನ ಲವಣಗಳು ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಸಾವಿರಾರು ವರ್ಷಗಳ ಮಳೆ, ನೆರೆ, ಕರಗುವ ಹಿಮ ಇವೆಲ್ಲ ಸೇರಿ ಮೇಲ್ಮಣ್ಣಿನ ಅಯೋಡಿನ್ನನ್ನು ತೊಳೆದು ಸಮುದ್ರಕ್ಕೆ ಒಯ್ದಿವೆ. ಹಿಮಾಲಯದ ಕಣಿವೆಗಳು, ಗಂಗಾನದಿಯ ನೆರೆ ಬಯಲು, ಆಲ್ಪ್ಸ್ ಪರ್ವತದ ತಪ್ಪಲು, ನಮ್ಮ ಮಲೆನಾಡು, ಎಲ್ಲೆಡೆಯೂ ಇದೇ ಕಥೆ. ಮಣ್ಣಿನಲ್ಲಿಲ್ಲದ್ದು ಬೆಳೆಯಲ್ಲಿ ಬರುವುದಿಲ್ಲ, ಆ ಬೆಳೆ ಮೇಯ್ದ ಹಸುವಿನ ಹಾಲಿನಲ್ಲೂ ಬರುವುದಿಲ್ಲ. ಕರ್ನಾಟಕದ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿ ಗಳಗಂಡ ಇರುವುದನ್ನು ಸಮೀಕ್ಷೆಗಳು ತೋರಿಸಿವೆ.

ಗಳಗಂಡ ಎಂದರೆ ಕತ್ತಿನ ಮುಂಭಾಗ ಊದಿಕೊಳ್ಳುವುದು. ಅಲ್ಲಿ ಚಿಟ್ಟೆಯ ಆಕಾರದ ಥೈರಾಯಿಡ್ ಗ್ರಂಥಿ ಇದೆ. ಅದು ತಯಾರಿಸುವ ಥೈರಾಕ್ಸಿನ್ ಎಂಬ ಹಾರ್ಮೋನಿನ ಒಂದೊಂದು ಅಣುವಿಗೂ ನಾಲ್ಕು ಅಯೋಡಿನ್ ಪರಮಾಣುಗಳು ಬೇಕು. ಅಯೋಡಿನ್ ಕಡಿಮೆಯಾದಾಗ ಹಾರ್ಮೋನು ಕಡಿಮೆಯಾಗುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಇದನ್ನು ಗುರುತಿಸಿ, "ಇನ್ನಷ್ಟು ತಯಾರಿಸು" ಎಂದು ಇನ್ನೊಂದು ಹಾರ್ಮೋನಿನ ಮೂಲಕ ಆಜ್ಞೆ ಕಳುಹಿಸುತ್ತದೆ. ಕಚ್ಚಾವಸ್ತುವೇ ಇಲ್ಲದ ಕಾರ್ಖಾನೆ ಏನು ಮಾಡೀತು? ಆಜ್ಞೆ ಬರುತ್ತಲೇ ಇರುತ್ತದೆ, ಥೈರಾಯಿಡ್ ತನ್ನ ಜೀವಕೋಶಗಳನ್ನು ಹೆಚ್ಚಿಸಿಕೊಳ್ಳುತ್ತ ದೊಡ್ಡದಾಗುತ್ತಲೇ ಇರುತ್ತದೆ. ರಕ್ತದಲ್ಲಿ ಹಾಯ್ದುಹೋಗುವ ಅಯೋಡಿನ್ನಿನ ಒಂದೊಂದು ಕಣವನ್ನೂ ಹಿಡಿದುಕೊಳ್ಳಲು ಅದು ಬೀಸಿದ ದೊಡ್ಡ ಬಲೆಯೇ ಗಳಗಂಡ.

ಕತ್ತಿನ ಊತ ಕಣ್ಣಿಗೆ ಕಾಣುವುದರಿಂದ ಜನ ಅದನ್ನೇ ರೋಗ ಎಂದುಕೊಂಡರು. ನಿಜವಾದ ನಷ್ಟ ಕಾಣದ ಕಡೆ ಆಗುತ್ತದೆ. ಗರ್ಭದಲ್ಲಿರುವ ಮಗುವಿಗೆ ಮೊದಲ ಮೂರು ತಿಂಗಳು ತನ್ನದೇ ಥೈರಾಕ್ಸಿನ್ ಇರುವುದಿಲ್ಲ. ಆಗ ಅದು ತಾಯಿಯ ಥೈರಾಕ್ಸಿನ್ನನ್ನೇ ನಂಬಿಕೊಂಡಿರುತ್ತದೆ. ಮಿದುಳಿನ ನರಕೋಶಗಳು ಹುಟ್ಟಿ, ತಮ್ಮ ಸ್ಥಳಕ್ಕೆ ಸರಿದು, ಒಂದಕ್ಕೊಂದು ಜೋಡಿಸಿಕೊಳ್ಳಲು ಆ ಹಾರ್ಮೋನು ಬೇಕೇಬೇಕು. ಅದು ತೀರಾ ಕಡಿಮೆಯಾದರೆ ಮಗು ಕಿವುಡು ಮೂಕುತನ, ಕುಳ್ಳತನ, ಕಾಲುಗಳ ಸೆಡೆತ ಮತ್ತು ತೀವ್ರ ಬುದ್ಧಿಮಾಂದ್ಯದೊಂದಿಗೆ ಹುಟ್ಟಬಹುದು. ಇದನ್ನು ವೈದ್ಯರು ಕ್ರೆಟಿನಿಸಂ ಎಂದು ಕರೆಯುತ್ತಾರೆ. ಕೊರತೆ ಅಷ್ಟು ತೀವ್ರವಾಗಿಲ್ಲದಿದ್ದರೆ ಮಗು ನೋಡಲು ಚೆನ್ನಾಗಿಯೇ ಇರುತ್ತದೆ. ಶಾಲೆಯಲ್ಲಿ ಮಾತ್ರ ಹಿಂದೆ ಬೀಳುತ್ತದೆ. ಮೇಷ್ಟರು "ಮಂದಬುದ್ಧಿ" ಎನ್ನುತ್ತಾರೆ, ಮನೆಯವರು ಹಣೆಬರಹ ಎನ್ನುತ್ತಾರೆ. ಆಮೇಲೆ ಎಷ್ಟು ಅಯೋಡಿನ್ ಕೊಟ್ಟರೂ ಆ ಮೊದಲ ತಿಂಗಳುಗಳ ನಷ್ಟ ತುಂಬುವುದಿಲ್ಲ. ಈ ವಿಷಯದಲ್ಲಿ ಚಿಕಿತ್ಸೆಗಿಂತ ತಡೆಗಟ್ಟುವಿಕೆ ದೊಡ್ಡದಾಗಿರುವುದು ಇದಕ್ಕೇ.

1980ರ ದಶಕದಲ್ಲಿ ಉತ್ತರ ಪ್ರದೇಶದ ಗೋಂಡಾ, ದೇವರಿಯಾ ಜಿಲ್ಲೆಗಳಲ್ಲಿ ವಿಜ್ಞಾನಿಗಳು ನವಜಾತ ಶಿಶುಗಳ ಹೊಕ್ಕುಳ ಬಳ್ಳಿಯ ರಕ್ತವನ್ನು ಪರೀಕ್ಷಿಸಿದರು. ಅಯೋಡಿನ್ ಸಾಕಷ್ಟಿರುವ ದೇಶಗಳಲ್ಲಿ ಥೈರಾಯಿಡ್ ಕೊರತೆಯೊಂದಿಗೆ ಹುಟ್ಟುವ ಮಗು ಮೂರು ನಾಲ್ಕು ಸಾವಿರಕ್ಕೆ ಒಂದು. ಇಲ್ಲಿ ಅಂತಹ ಶಿಶುಗಳನ್ನು ನೂರರ ಲೆಕ್ಕದಲ್ಲೇ ಎಣಿಸಬೇಕಾಯಿತು. ಗಳಗಂಡ ಎಂದರೆ ಕತ್ತಿನ ಅಂದಗೇಡು ಎಂಬ ಭಾವನೆ ಹೋಗಿ, ಇದು ಇಡೀ ಪ್ರದೇಶದ ಮಕ್ಕಳ ಮಿದುಳಿನ ಪ್ರಶ್ನೆ ಎಂದು ಅರಿವಾಗಲು ಇಂತಹ ಅಧ್ಯಯನಗಳು ಕಾರಣವಾದವು. 1983ರಲ್ಲಿ ಆಸ್ಟ್ರೇಲಿಯಾದ ಬೇಸಿಲ್ ಹೆಟ್ಜೆಲ್ "ಅಯೋಡಿನ್ ಕೊರತೆಯ ನ್ಯೂನತೆಗಳು" ಎಂಬ ವಿಶಾಲವಾದ ಹೆಸರನ್ನು ಬಳಕೆಗೆ ತಂದರು.

ಇನ್ನು ಪರಿಹಾರದ ಕಥೆ. ಇದರಲ್ಲಿ ಶಾಲಾಮಕ್ಕಳಿಗೂ ಪಾತ್ರವಿದೆ. 1917ರಲ್ಲಿ ಅಮೆರಿಕದ ಓಹಿಯೋ ರಾಜ್ಯದ ಆಕ್ರನ್ ನಗರದಲ್ಲಿ ಡೇವಿಡ್ ಮೆರಿನ್ ಮತ್ತು ಅವರ ಸಹೋದ್ಯೋಗಿ ಕಿಂಬಾಲ್ ಶಾಲೆಯ ಹುಡುಗಿಯರಿಗೆ ವರ್ಷಕ್ಕೆರಡು ಬಾರಿ, ಕೆಲವು ದಿನಗಳ ಕಾಲ ಸೋಡಿಯಂ ಅಯೋಡೈಡ್ ಕೊಟ್ಟರು. ತೆಗೆದುಕೊಂಡ 2190 ಹುಡುಗಿಯರಲ್ಲಿ ಥೈರಾಯಿಡ್ ದೊಡ್ಡದಾದದ್ದು 5 ಮಂದಿಗೆ. ತೆಗೆದುಕೊಳ್ಳದ 2305 ಹುಡುಗಿಯರಲ್ಲಿ 495 ಮಂದಿಗೆ. ಸಂಖ್ಯಾಶಾಸ್ತ್ರದ ಸೂತ್ರಗಳಿಲ್ಲದೆಯೇ ಅರ್ಥವಾಗುವ ಫಲಿತಾಂಶ ಇದು.

ಆದರೆ ಮಾತ್ರೆ, ದ್ರಾವಣಗಳನ್ನು ಕೊಡುವುದು ಶಾಲೆಗೆ ಬರುವವರಿಗೆ ಮಾತ್ರ ಸಾಧ್ಯ. ಎಲ್ಲರಿಗೂ ಮುಟ್ಟಿಸಲು ಎಲ್ಲರೂ ತಿನ್ನುವ ಪದಾರ್ಥ ಬೇಕು. ಬಡವರು, ಶ್ರೀಮಂತರು ಎನ್ನದೆ ದಿನವೂ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ತಿನ್ನುವ, ಹೆಚ್ಚು ತಿನ್ನಲು ಯಾರಿಗೂ ಆಗದ, ಬೆಳೆಯುವುದು ಕೆಲವೇ ಸ್ಥಳಗಳಲ್ಲಾದರೂ ಎಲ್ಲ ಊರುಗಳಿಗೂ ಹೋಗುವ ಪದಾರ್ಥ ಉಪ್ಪಲ್ಲದೆ ಇನ್ನೇನಿದೆ? 1922ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಪ್ರಾಂತ್ಯ, 1924ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯ ಅಯೋಡಿನ್ ಉಪ್ಪನ್ನು ಮಾರಾಟಕ್ಕೆ ತಂದವು. ಪ್ರವಾಸಿಗಳು ಗಳಗಂಡದ ನಾಡೆಂದು ಬರೆದಿದ್ದ ಸ್ವಿಸ್ ಕಣಿವೆಗಳಲ್ಲಿ ಹೊಸ ತಲೆಮಾರಿನ ಕತ್ತುಗಳು ನೇರವಾದವು.

ನಮ್ಮ ದೇಶದ ಪ್ರಯೋಗ ನಡೆದದ್ದು ಕಾಂಗ್ರಾ ಕಣಿವೆಯಲ್ಲಿ. ಇಂದು ಹಿಮಾಚಲ ಪ್ರದೇಶದಲ್ಲಿರುವ ಇದು ಆಗ ಪಂಜಾಬಿಗೆ ಸೇರಿತ್ತು. 1956ರಲ್ಲಿ ಆರಂಭವಾದ ಈ ಅಧ್ಯಯನದ ಮುಂದಾಳು ಡಾ. ವಿ. ರಾಮಲಿಂಗಸ್ವಾಮಿ. ಮುಂದೆ ಅವರು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರೂ ಆದರು. ಸುಮಾರು 1 ಲಕ್ಷ ಜನರಿದ್ದ ಪ್ರದೇಶವನ್ನು ಮೂರು ವಲಯಗಳಾಗಿ ಮಾಡಿದರು. ಒಂದು ವಲಯಕ್ಕೆ ಪೊಟಾಸಿಯಂ ಅಯೋಡೈಡ್ ಬೆರೆಸಿದ ಉಪ್ಪು, ಇನ್ನೊಂದಕ್ಕೆ ಪೊಟಾಸಿಯಂ ಅಯೋಡೇಟ್ ಬೆರೆಸಿದ ಉಪ್ಪು, ನಡುವಿನ ವಲಯಕ್ಕೆ ಏನೂ ಬೆರೆಸದ ಉಪ್ಪು. ಆರಂಭದಲ್ಲಿ ನೂರಕ್ಕೆ ಸುಮಾರು 38 ಜನರಿಗೆ ಗಳಗಂಡವಿತ್ತು. ಆರು ವರ್ಷಗಳ ನಂತರ ಅಯೋಡಿನ್ ಉಪ್ಪು ತಿಂದ ಎರಡೂ ವಲಯಗಳಲ್ಲಿ ಅದು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿತ್ತು. ಸಾದಾ ಉಪ್ಪಿನ ವಲಯದಲ್ಲಿ ಇದ್ದ ಹಾಗೆಯೇ ಇತ್ತು. 1962ರಲ್ಲಿ ಆ ವಲಯಕ್ಕೂ ಅಯೋಡಿನ್ ಉಪ್ಪು ಕೊಡಲಾರಂಭಿಸಿದರು. ಅಲ್ಲಿಯೂ ಇಳಿಯಿತು.

ಈ ಅಧ್ಯಯನದ ಬಗ್ಗೆ ಓದುವಾಗಲೆಲ್ಲ ಆ ನಡುವಿನ ವಲಯ ನನ್ನನ್ನು ಕಾಡುತ್ತದೆ. ಅಮೆರಿಕ, ಸ್ವಿಟ್ಜರ್ಲೆಂಡುಗಳ ಅನುಭವ ಆಗಲೇ ತಿಳಿದಿತ್ತಲ್ಲವೇ? ಆರು ವರ್ಷ ಸಾದಾ ಉಪ್ಪು ತಿಂದ ತಾಯಂದಿರ ಮಕ್ಕಳ ಗತಿಯೇನು? ಇದಕ್ಕೆ ಎದುರಾಗಿ ಹೇಳಬಹುದಾದ ಮಾತೂ ಇದೆ. ಸಾದಾ ಉಪ್ಪು ಅವರಿಗೆ ಹೊಸದಾಗಿ ಕೊಟ್ಟ ಕಷ್ಟವಲ್ಲ, ಆಗ ದೇಶವೆಲ್ಲ ತಿನ್ನುತ್ತಿದ್ದದ್ದು ಅದನ್ನೇ. ಬಿಸಿಲು, ಮಳೆ, ಗೋಣಿಚೀಲ, ಹೇಸರಗತ್ತೆಯ ಬೆನ್ನು ಇವನ್ನೆಲ್ಲ ದಾಟಿ ನಮ್ಮ ಉಪ್ಪಿನಲ್ಲಿ ಅಯೋಡಿನ್ ಉಳಿಯುತ್ತದೆಯೇ ಎಂಬುದು ಇಲ್ಲಿಯೇ ಪರೀಕ್ಷಿಸಬೇಕಾದ ವಿಷಯವಾಗಿತ್ತು. ಹೋಲಿಕೆಯ ವಲಯ ಇಲ್ಲದಿದ್ದರೆ ಗಳಗಂಡ ತಾನಾಗಿಯೇ ಕಡಿಮೆಯಾಯಿತು ಎನ್ನುವವರಿಗೆ ಉತ್ತರವಿರುತ್ತಿರಲಿಲ್ಲ. ನಿಮ್ಮ ಕಾಲೇಜಿನ ಚರ್ಚಾಕೂಟಕ್ಕೆ ಇದು ಒಳ್ಳೆಯ ವಿಷಯ. ನಾನಂತೂ ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ.

ಕಾಂಗ್ರಾದ ಫಲಿತಾಂಶದ ಬಲದ ಮೇಲೆ ಭಾರತ ಸರ್ಕಾರ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಎಲ್ಲವೂ ಸರಾಗವಾಗಿ ನಡೆಯಿತು ಎಂದುಕೊಳ್ಳಬೇಡಿ. ಮುಂದಿನ ಇಪ್ಪತ್ತು ವರ್ಷ ಕಾರ್ಯಕ್ರಮ ಕುಂಟುತ್ತಲೇ ಸಾಗಿತು. ಇದು ಹಿಮಾಲಯದ ತಪ್ಪಲಿನ ರೋಗ, ಅಲ್ಲಿಗೆ ಮಾತ್ರ ಉಪ್ಪು ಕಳುಹಿಸಿದರೆ ಸಾಕು ಎಂಬ ತಿಳಿವಳಿಕೆ ಒಂದು ಕಡೆ. ತಯಾರಿಸುವ ಘಟಕಗಳು ಕೆಲವೇ ಕೆಲವು ಎಂಬ ಕೊರತೆ ಇನ್ನೊಂದು ಕಡೆ. ಅಂಗಡಿಯಲ್ಲಿ ಎರಡೂ ಬಗೆಯ ಉಪ್ಪಿದ್ದು ಒಂದರ ಬೆಲೆ ನಾಲ್ಕು ಕಾಸು ಕಡಿಮೆಯಾದರೆ ಬಡವರು ಯಾವುದನ್ನು ಕೊಂಡಾರು? ಬಯಲು ಸೀಮೆಗಳಲ್ಲೂ ಕೊರತೆ ಇದೆಯೆಂದು ಸಮೀಕ್ಷೆಗಳು ತೋರಿಸಿದ ಮೇಲೆ 1983ರಲ್ಲಿ ಖಾಸಗಿಯವರಿಗೂ ತಯಾರಿಕೆಯ ಅವಕಾಶ ಸಿಕ್ಕಿತು. ತಿನ್ನುವ ಉಪ್ಪನ್ನೆಲ್ಲ ಹಂತಹಂತವಾಗಿ ಅಯೋಡಿನ್ ಉಪ್ಪಾಗಿಸಬೇಕು ಎಂಬ ನಿರ್ಧಾರವಾದದ್ದು 1984ರಲ್ಲಿ. 1992ರಲ್ಲಿ ಕಾರ್ಯಕ್ರಮದ ಹೆಸರಿನಿಂದ ಗಳಗಂಡ ಹೋಗಿ ಅಯೋಡಿನ್ ಕೊರತೆಯ ನ್ಯೂನತೆಗಳು ಎಂಬುದು ಸೇರಿತು.

ನಂತರ ಕಾನೂನಿನ ಜಗ್ಗಾಟ. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರುವುದನ್ನು ಕೇಂದ್ರ ಸರ್ಕಾರ 1997ರ ಅಧಿಸೂಚನೆಯಿಂದ ನಿಷೇಧಿಸಿತು, 2000ದಲ್ಲಿ ನಿಷೇಧವನ್ನು ಹಿಂತೆಗೆದುಕೊಂಡಿತು, 2006ರ ಮೇ ತಿಂಗಳಿನಿಂದ ಮತ್ತೆ ಜಾರಿಗೆ ತಂದಿತು. ಉಪ್ಪಿನ ವಿಷಯದಲ್ಲಿ ಸರ್ಕಾರದ ಕಡ್ಡಾಯ ಎಂದರೆ ನಮ್ಮ ಜನರಿಗೆ ಇತಿಹಾಸ ನೆನಪಾಗುತ್ತದೆ. 1930ರಲ್ಲಿ ದಂಡಿಯ ಬೆನ್ನಿಗೇ ನಮ್ಮ ಅಂಕೋಲೆಯಲ್ಲೂ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ದಡದಲ್ಲಿ ತಾನೇ ಉಪ್ಪು ತೆಗೆದು ಮಾರುವ ಸಣ್ಣ ಆಗರದವನು ಅಯೋಡೇಟ್ ಸಿಂಪಡಿಸುವ ಯಂತ್ರಕ್ಕೆ ಎಲ್ಲಿಂದ ಹಣ ತರಬೇಕು ಎಂಬ ಪ್ರಶ್ನೆಯನ್ನು ವಿರೋಧಿಗಳು ಕೇಳಿದರು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರಗಳನ್ನು ನೋಡಿದವರಿಗೆ ಈ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ ಎಂದು ತಿಳಿಯುತ್ತದೆ. ಏನು ತಿನ್ನಬೇಕೆಂಬುದು ಅವರವರ ಇಷ್ಟ ಎಂಬ ವಾದವೂ ಇತ್ತು. 2011ರಲ್ಲಿ ಸುಪ್ರೀಂ ಕೋರ್ಟು, ಕಲಬೆರಕೆ ತಡೆ ಕಾಯ್ದೆಯ ಅಡಿಯಲ್ಲಿ ಇಂತಹ ನಿಯಮ ಮಾಡುವ ಅಧಿಕಾರ ಇಲ್ಲವೆಂದು ಹೇಳಿತು. ಆದರೆ ಸಾರ್ವಜನಿಕರ ಆರೋಗ್ಯದ ದೃಷ್ಟಿಯಿಂದ ನಿಯಮವನ್ನು ಆರು ತಿಂಗಳು ಮುಂದುವರಿಸಲು ಅವಕಾಶ ಕೊಟ್ಟಿತು. ಈಗ ಆಹಾರ ಸುರಕ್ಷತಾ ಕಾಯ್ದೆಯ ನಿಯಮಗಳಲ್ಲಿ ಅದು ಸೇರಿದೆ.

ಇಷ್ಟದ ವಾದದ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಉಪ್ಪು ಕೊಳ್ಳುವವರು ಒಬ್ಬರು, ಅದರ ಫಲ ಅನುಭವಿಸುವವರು ಇನ್ನೊಬ್ಬರು. ಗರ್ಭದ ಮಗುವಿಗೆ ಆಯ್ಕೆ ಎಲ್ಲಿದೆ? ಸಣ್ಣ ಆಗರದವರಿಗೆ ಯಂತ್ರ ಒದಗಿಸುವುದು ಮಾಡಬಹುದಾದ ಕೆಲಸ. ಕಳೆದುಹೋದ ಬುದ್ಧಿಶಕ್ತಿಯನ್ನು ಮರಳಿ ತರುವುದು ಹಾಗಲ್ಲ.

ಬೆರೆಸುವುದಾದರೂ ಎಷ್ಟು? ತಯಾರಾಗುವ ಸ್ಥಳದಲ್ಲಿ ಹತ್ತು ಲಕ್ಷ ಭಾಗ ಉಪ್ಪಿಗೆ ಕನಿಷ್ಠ 30 ಭಾಗ, ನಿಮ್ಮ ಮನೆ ತಲುಪುವಾಗ ಕನಿಷ್ಠ 15 ಭಾಗ ಅಯೋಡಿನ್ ಇರಬೇಕೆಂಬುದು ನಿಯಮ. ಒಂದು ಟನ್ ಉಪ್ಪಿಗೆ ಸುಮಾರು 50 ಗ್ರಾಂ ಪೊಟಾಸಿಯಂ ಅಯೋಡೇಟ್ ಸಾಕು, ಅಂದರೆ ಒಂದು ಮುಷ್ಟಿಗೂ ಕಡಿಮೆ. ಮನೆಯ 15 ಭಾಗದ ಲೆಕ್ಕದಲ್ಲಿ 10 ಗ್ರಾಂ ಉಪ್ಪಿನಿಂದ 150 ಮೈಕ್ರೋಗ್ರಾಂ ಸಿಗುತ್ತದೆ, ಸರಿಯಾಗಿ ಬೇಕಾದಷ್ಟು. ಎಪ್ಪತ್ತು ವರ್ಷ ಬಾಳುವವರಿಗೆ ಜೀವಮಾನವೆಲ್ಲ ಬೇಕಾಗುವ ಅಯೋಡಿನ್ನನ್ನು ಕೂಡಿಸಿ ನೋಡಿ. 150ನ್ನು 365ರಿಂದ, ಮತ್ತೆ 70ರಿಂದ ಗುಣಿಸಿದರೆ 4 ಗ್ರಾಮಿಗೂ ಕಡಿಮೆ, ಒಂದು ಚಹಾ ಚಮಚವೂ ತುಂಬುವುದಿಲ್ಲ. ಹಾಗಾದರೆ ಆ ಚಮಚವನ್ನು ಒಂದೇ ಸಲ ನುಂಗಿಬಿಡಬಹುದಲ್ಲ ಎಂದು ತರಗತಿಯ ಹಿಂದಿನ ಬೆಂಚಿನಿಂದ ಪ್ರಶ್ನೆ ಬರಬಹುದು. ಆಗುವುದಿಲ್ಲ. ಥೈರಾಯಿಡ್ ಕೂಡಿಡುವುದು ಮಿಲಿಗ್ರಾಂಗಳಲ್ಲಿ ಮಾತ್ರ. ಅತಿಯಾದ ಅಯೋಡಿನ್ ಆ ಗ್ರಂಥಿಯನ್ನೇ ಕೆಡಿಸುತ್ತದೆ.

ಉಪ್ಪು ಕಡಿಮೆ ತಿನ್ನಿ ಎಂದು ರಕ್ತದೊತ್ತಡದ ಡಾಕ್ಟರು ಹೇಳುತ್ತಾರೆ, ಅಯೋಡಿನ್ನಿಗೆ ಉಪ್ಪು ತಿನ್ನಿ ಎಂದು ನೀವು ಹೇಳುತ್ತೀರಿ, ಯಾವುದು ಸರಿ ಎಂದು ಹಲವರು ಫೋನ್ ಮಾಡಿ ಕೇಳಿದ್ದಾರೆ. ಎರಡೂ ಸರಿ. ಉಪ್ಪನ್ನು ಹೆಚ್ಚಿಸಬೇಕೆಂದು ಯಾರೂ ಹೇಳುತ್ತಿಲ್ಲ, ತಿನ್ನುವಷ್ಟು ಉಪ್ಪಿನಲ್ಲಿ ಅಯೋಡಿನ್ ಇರಲಿ ಎಂದಷ್ಟೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನಕ್ಕೆ 5 ಗ್ರಾಮಿನೊಳಗೆ ತಿನ್ನುವ ಕಾಲ ಬಂದರೆ ಬೆರೆಸುವ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಏರಿಸಬಹುದು. ಥೈರಾಯಿಡ್ ತೊಂದರೆಗೆ ಈಗಾಗಲೇ ಚಿಕಿತ್ಸೆ ಪಡೆಯುತ್ತಿರುವವರು ಮಾತ್ರ ತಮ್ಮ ವೈದ್ಯರನ್ನೇ ಕೇಳಬೇಕು.

ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಮಾತು. ಅಯೋಡೈಡ್ ಬಿಟ್ಟು ಅಯೋಡೇಟ್ ಬಳಸುವುದೇಕೆ? ತೇವ, ಸೆಖೆ ಇರುವ ನಮ್ಮ ಹವೆಯಲ್ಲಿ ಅಯೋಡೈಡ್ ಸುಲಭವಾಗಿ ಉತ್ಕರ್ಷಣಗೊಂಡು ಅಯೋಡಿನ್ ಆವಿಯಾಗಿ ಹೋಗುತ್ತದೆ. ಅಯೋಡೇಟ್ ಆಗಲೇ ಉತ್ಕರ್ಷಿತ ಸ್ಥಿತಿಯಲ್ಲಿರುವುದರಿಂದ ಹೆಚ್ಚು ಕಾಲ ಉಳಿಯುತ್ತದೆ. ಉಪ್ಪನ್ನು ಪರೀಕ್ಷಿಸುವ ಪುಟ್ಟ ಶೀಶೆಯಲ್ಲಿ ಪಿಷ್ಟ, ಅಯೋಡೈಡ್ ಮತ್ತು ಆಮ್ಲ ಇರುತ್ತವೆ. ಒಂದು ತೊಟ್ಟು ಹಾಕಿದಾಗ ಉಪ್ಪಿನ ಅಯೋಡೇಟ್ ಆಮ್ಲದ ಸಮ್ಮುಖದಲ್ಲಿ ಅಯೋಡೈಡಿನೊಂದಿಗೆ ವರ್ತಿಸಿ ಅಯೋಡಿನ್ ಬಿಡುಗಡೆಯಾಗುತ್ತದೆ, ಅದು ಪಿಷ್ಟದೊಂದಿಗೆ ಸೇರಿ ನೀಲಿಯಾಗುತ್ತದೆ. ಪ್ರಯೋಗಶಾಲೆಯಲ್ಲಿ ನೀವು ಅನ್ನದ ಗಂಜಿಗೆ ಅಯೋಡಿನ್ ಹಾಕಿ ನೋಡುವ ಬಣ್ಣವೇ ಇದು.

ದೇಶದ ಸ್ಥಿತಿ ಈಗ ಹೇಗಿದೆ? 2018-19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನೂರಕ್ಕೆ 76 ಮನೆಗಳ ಉಪ್ಪಿನಲ್ಲಿ ಅಯೋಡಿನ್ ಸಾಕಷ್ಟಿತ್ತು. ಒಂದಿಷ್ಟಾದರೂ ಅಯೋಡಿನ್ ಇರುವ ಉಪ್ಪನ್ನು ಬಳಸುವ ಮನೆಗಳು ನೂರಕ್ಕೆ 90ಕ್ಕಿಂತ ಹೆಚ್ಚು. ನಡುವೆ ಇರುವ ಅಂತರವನ್ನು ಗಮನಿಸಿ. ಪೊಟ್ಟಣದ ಮೇಲೆ ಅಯೋಡಿನ್ ಎಂದು ಅಚ್ಚಾಗಿರುತ್ತದೆ, ಒಳಗೆ ಸರಿಯಾಗಿ ಬೆರೆತಿರುವುದಿಲ್ಲ, ಇಲ್ಲವೇ ಅಂಗಡಿಯ ಮುಂದೆ ಬಿಸಿಲಿನಲ್ಲಿ ಬಿದ್ದು ಕಳೆದುಹೋಗಿರುತ್ತದೆ. ಹರಳುಪ್ಪಿನ ರೂಢಿ ಹೆಚ್ಚಾಗಿರುವ ಆಂಧ್ರಪ್ರದೇಶ, ತಮಿಳುನಾಡುಗಳು 2015-16ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸರಾಸರಿಗಿಂತ ಹಿಂದಿದ್ದವು. ಹರಳುಪ್ಪು ಎಂಬುದೇ ತಪ್ಪಲ್ಲ, ಅಯೋಡಿನ್ ಬೆರೆಸಿದ ಹರಳುಪ್ಪೂ ಸಿಗುತ್ತದೆ. ಅದನ್ನು ಹಳೆಯ ರೂಢಿಯಂತೆ ಬಳಸುವ ಮುಂಚೆ ತೊಳೆದರೆ ಮೇಲ್ಮೈಗೆ ಅಂಟಿದ ಅಯೋಡೇಟ್ ನೀರಿನೊಂದಿಗೆ ಹೋಗಿಬಿಡುತ್ತದೆ.

ಕುಂದಾಪುರದ ಹುಡುಗಿಗೆ ಇದನ್ನೆಲ್ಲ ಚಿಕ್ಕದಾಗಿ ಬರೆದು, ಮುಚ್ಚಳವಿರುವ ಡಬ್ಬಿಯಲ್ಲಿ ಒಲೆಯ ಶಾಖ ತಗುಲದ ಕಡೆ ಉಪ್ಪಿಡುವಂತೆ, ಅಡುಗೆ ಮುಗಿಯುವಾಗ ಹಾಕುವಂತೆ ತಿಳಿಸಿದೆ. ಸಾಧ್ಯವಾದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಪರೀಕ್ಷೆ ಮಾಡಿಸು ಎಂದೂ ಸೇರಿಸಿದ್ದೆ. ತಿಂಗಳ ಮೇಲೆ ಅವಳ ಎರಡನೆಯ ಪತ್ರ ಬಂತು. ಅಜ್ಜಿಯ ಭರಣಿಯ ಉಪ್ಪಿಗೆ ತೊಟ್ಟು ಹಾಕಿದರೆ ಬಣ್ಣವೇ ಬರಲಿಲ್ಲವಂತೆ. ಪಕ್ಕದ ಮನೆಯ ಪೊಟ್ಟಣದ ಉಪ್ಪು ನೇರಳೆಯಾಯಿತಂತೆ. ಅವಳ ಅತ್ತಿಗೆಗೆ ಈಗ ಎರಡು ತಿಂಗಳು. ಅಡುಗೆಗೆಲ್ಲ ಪೊಟ್ಟಣದ ಉಪ್ಪು ಬಂದಿದೆ. ಭರಣಿಯ ಹರಳುಪ್ಪನ್ನು ಮಿಡಿ ಉಪ್ಪಿನಕಾಯಿಗೆ ಮಾತ್ರ ಬಿಟ್ಟುಕೊಡಬೇಕೆಂದು ಅಜ್ಜಿ ಹಟ ಹಿಡಿದಿದ್ದಾರೆ.